ಗುರುವಾರದ ಊಟ

ಮಾರ್ಚ್ ೬, ಗುರುವಾರ

ಮಗಳೇ,

ಇವತ್ತು ಗುರುವಾರ, ನನ್ನ ಉಪವಾಸ. ಎದ್ದು ಕಸ ಗುಡಿಸಿ, ನೀರು ತುಂಬಿಸಿ, ದೇವರ ಮುಂದೆ ಸ್ವಲ್ಪ ಹೊತ್ತು ಕೂತು, ಕೆಳಮನೆಯ ಬಡಗಿಯವರಿಗೆ ಊಟದ ಡಬ್ಬಿ ಕಟ್ಟಿ ಮೆಟ್ಟಿಲ ಮೇಲೆ ಇಟ್ಟು, ಈಗ ಕಾಗದ ತೆಗೆದಿದ್ದೇನೆ. ಲಾಂಡ್ರಿಯಲ್ಲಿ ನನಗೆ ಮಧ್ಯಾಹ್ನದ ಪಾಳಿ. ಹೊಟ್ಟೆ ಖಾಲಿ ಇದ್ದಾಗ ನನ್ನ ಅಕ್ಷರ ನೆಟ್ಟಗಿರುತ್ತದೆ ಎಂದು ನಿನ್ನ ಅಪ್ಪ ಹೇಳುತ್ತಿದ್ದರು.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರದು ಎರಡು ನಿಮಿಷಕ್ಕೆ ಜಗಳ, ಮೂರನೆಯ ನಿಮಿಷಕ್ಕೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಕೊನೆವರೆಗೆ ಓದಲೇಬೇಕು.

ವಿಷಯ ಇಷ್ಟು. ಹೋದ ತಿಂಗಳು ಇಸ್ತ್ರಿ ಮೇಜಿನ ಮೇಲೆ ಬಗ್ಗಿದಾಗ ಎಡ ಎದೆಯಲ್ಲಿ ಏನೋ ಒತ್ತಿತು. ಮುಟ್ಟಿ ನೋಡಿದರೆ ಕೋಟಿನ ಗುಂಡಿಯಷ್ಟು ದೊಡ್ಡ ಗಂಟು. ನಾನು ಮರುದಿನವೇ ಆಸ್ಪತ್ರೆಗೆ ಹೋದೆ. ಇದನ್ನು ನೀನು ಗಮನಿಸಬೇಕು. ಬೇರೆ ಯಾರ ಹತ್ತಿರವೂ ಅಲ್ಲ, ನೇರ ಆಸ್ಪತ್ರೆಗೆ. ಸೂಜಿ ಹಾಕಿ ತುಣುಕು ತೆಗೆದರು. ಕ್ಯಾನ್ಸರ್ ಎಂದರು. ಮೊದಲು ಡ್ರಿಪ್ಪಿನಲ್ಲಿ ಔಷಧಿ, ಮೂರು ವಾರಕ್ಕೊಮ್ಮೆ, ಶುಕ್ರವಾರ ಶುಕ್ರವಾರ. ಆಮೇಲೆ ಆಪರೇಷನ್.

ಅಲ್ಲಿ ಒಬ್ಬಳು ಡಾಕ್ಟರಮ್ಮ ಸಿಕ್ಕಳು. ನಿನ್ನ ವಯಸ್ಸು ಇರಬಹುದು. ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆಯುತ್ತಾಳೆ, ಹಾಕುತ್ತಾಳೆ. ಅವಳದು ಒಂದು ಅಧ್ಯಯನವಂತೆ.

"ಔಷಧಿ ಎಲ್ಲರಿಗೂ ಒಂದೇ, ಪೂರ್ತಿ ಕೊಡ್ತೀವಿ. ಆದರೆ ಪ್ರತಿ ಡ್ರಿಪ್ಪಿಗೆ ಮುಂಚೆ ಎರಡು ದಿನ, ಅರ್ಧ ಜನ ನಮ್ಮ ಕಣ್ಗಾವಲಲ್ಲಿ ಉಪವಾಸ ಇರ್ತಾರೆ. ಇನ್ನರ್ಧ ಜನ ಎಂದಿನ ಹಾಗೆ ಊಟ ಮಾಡ್ತಾರೆ" ಎಂದಳು.

"ಉಪವಾಸ ಇದ್ರೆ ಏನಾಗುತ್ತೆ?" ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ಅದಕ್ಕೇ ನೋಡ್ತಿರೋದು."

ನನಗೆ ನಗು ಬಂತು. ಮೂವತ್ತು ವರ್ಷದಿಂದ ನಾನು ಮಾಡಿಕೊಂಡು ಬಂದದ್ದನ್ನು ದೊಡ್ಡ ಓದು ಓದಿದವರು ಈಗ ಕೇಳುತ್ತಿದ್ದಾರಲ್ಲ ಎಂದು.

ಲಾಂಡ್ರಿಯಲ್ಲೂ ಕೆಳಮನೆಯಲ್ಲೂ ಗೊತ್ತಾದ ಮೇಲೆ ತಲೆಗೊಂದು ಮಾತು. ಮೇಸ್ತ್ರಿ, "ಇಲಿ ಸಾಲಲಿಲ್ಲ ಅಂತ ನಿನ್ನ ಹಿಡಿದ್ರು ನೋಡು" ಎಂದ. ಬಡಗಿಯವರು, "ಉಪವಾಸದಿಂದ ಕಾಯಿಲೆ ಹೋಗೋದಾದ್ರೆ ಬಡವರ ಮನೇಲಿ ಯಾರೂ ಸಾಯ್ತಾನೇ ಇರಲಿಲ್ಲ ತಾಯಿ" ಎಂದರು. ಪಕ್ಕದ ಮೇಜಿನಲ್ಲಿ ನನ್ನ ಜೊತೆ ಇಸ್ತ್ರಿ ಮಾಡುವವಳು ಮಾತ್ರ ಕುಣಿದಾಡಿದಳು. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ್ದರಿಂದ ಅವಳನ್ನು ಎಲ್ಲರೂ ಗಿಳಿ ಎಂದೇ ಕರೆಯುವುದು. "ಅಕ್ಕ, ಇದು ನಿನಗೋಸ್ಕರನೇ ಹುಟ್ಟಿದ್ದು. ಸಹಿ ಹಾಕು!" ಎಂದಳು.

ನನ್ನ ಸಹಿ ಒಂದೇ ಸಾಲದು, ಮನೆಯವರೊಬ್ಬರು ಓದಿ ಸಹಿ ಹಾಕಬೇಕಂತೆ. ಮನೆಯವರು ಎಂದರೆ ನೀನೊಬ್ಬಳೇ. ಹನ್ನೊಂದು ಪುಟ ಇಟ್ಟಿದ್ದೇನೆ. ಇಪ್ಪತ್ತನೆಯ ತಾರೀಕಿನ ಒಳಗೆ ಕಳಿಸು.

ನಿನ್ನ
ಅಮ್ಮ


ಮಾರ್ಚ್ ೧೪

ಅಮ್ಮ,

ಈ ಪತ್ರವನ್ನು ಮೂರು ಸಲ ಶುರುಮಾಡಿ ಹರಿದೆ.

ನಿನಗೆ ಕ್ಯಾನ್ಸರ್ ಎಂಬುದನ್ನು ಓದಿ, ಉಪವಾಸದ ಅಧ್ಯಯನ ಎಂಬುದನ್ನು ಓದಿ, ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಬೇರು ಅರೆದು ಔಷಧಿ ಕೊಡುತ್ತಿದ್ದ ಆ ಬೇರಿನವನಿಗೇ ಬಿಳಿ ಕೋಟು ತೊಡಿಸಿದ್ದಾರೆ ಎನಿಸಿತು. ಆರು ವರ್ಷದ ಹಿಂದೆ ಅಪ್ಪನ ಹೊಟ್ಟೆಯಲ್ಲಿ ಗೆಡ್ಡೆ ಇದೆ ಎಂದು ಆಸ್ಪತ್ರೆಯವರು ಹೇಳಿದಾಗ, ನೀನು ಅವರನ್ನು ಕರೆದುಕೊಂಡು ಹೋದದ್ದು ಆ ಬೇರಿನವನ ಹತ್ತಿರ. ನಾಲ್ಕು ತಿಂಗಳು ಅವನ ಕಪ್ಪು ಕಷಾಯ ಕುಡಿಸಿದೆ. ನಾನು ತರಬೇತಿ ಮುಗಿಸಿ ಬಂದಾಗ ಅಪ್ಪನ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. ಆಮೇಲೆ ನಡೆದದ್ದನ್ನು ನಾವು ಇಬ್ಬರೂ ಮಾತಾಡಿಲ್ಲ. ಈಗಲೂ ಬೇಡ.

ಸಹಿ ಹಾಕಬಾರದು ಎಂದೇ ಕಾಗದ ಓದಲು ಕೂತೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವವಳಿಗೆ ಮೋಸ ಎಲ್ಲಿದೆ ಎಂದು ಹುಡುಕುವುದೇ ಅಭ್ಯಾಸ. ಹುಡುಕಿದೆ. ಹನ್ನೊಂದು ಪುಟದಲ್ಲಿ ಏಳು ಕಡೆ "ನಮಗೆ ಗೊತ್ತಿಲ್ಲ" ಎಂದು ಬರೆದಿದ್ದಾರೆ. ಉಪಯೋಗ ಆಗದೆಯೂ ಇರಬಹುದು ಎಂದು ಎರಡು ಕಡೆ. ತೊಂದರೆ ಆದರೆ ಏನು ಮಾಡುತ್ತೇವೆ ಎಂದು ಒಂದು ಇಡೀ ಪುಟ. ಔಷಧಿಯನ್ನು ಮಾತ್ರ ಯಾರಿಗೂ ಬಿಡಿಸುವುದಿಲ್ಲ.

ಬೇರಿನವನು ಒಂದು ದಿನವಾದರೂ ಗೊತ್ತಿಲ್ಲ ಅಂದಿದ್ದನಾ?

ಸಹಿ ಹಾಕಿದ್ದೇನೆ. ಯಾವ ಗುಂಪು ಬಂದರೂ ಅವರು ಹೇಳಿದಷ್ಟನ್ನೇ ಮಾಡು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಇದೊಂದೇ ನಾನು ಕೇಳುವುದು.

ಈ ತಿಂಗಳು ರಜೆ ಸಿಗುವುದಿಲ್ಲ.

— ಮಗಳು


ಮಾರ್ಚ್ ೩೦, ಭಾನುವಾರ

ಮಗಳೇ,

ನಿನ್ನ ಸಹಿ ಸಮಯಕ್ಕೆ ಸರಿಯಾಗಿ ತಲುಪಿತು. ಒಂದು ದಿನಕ್ಕಾದರೂ ಬರುತ್ತೀಯೇನೋ ಎಂದು ಹಾಸಿಗೆಯ ಮೇಲಿನ ಬಟ್ಟೆ ಬದಲಾಯಿಸಿದ್ದೆ. ಇರಲಿ, ಕೊಳೆಯಾಗಿತ್ತು, ಹೇಗೂ ಬದಲಾಯಿಸಬೇಕಿತ್ತು.

ಗುಂಪು ಆರಿಸುವುದು ಕಂಪ್ಯೂಟರು. ಡಾಕ್ಟರಮ್ಮನ ಕೈಯಲ್ಲೂ ಇಲ್ಲವಂತೆ. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ನನಗೆ ಊಟದ ಗುಂಪು ಬಂತು. ನನ್ನ ಪಕ್ಕ ಕೂತಿದ್ದ ಸ್ಥೂಲಕಾಯದ ಹೆಂಗಸಿಗೆ ಉಪವಾಸದ ಗುಂಪು. ಅವಳ ಮುಖ ನೋಡಬೇಕಿತ್ತು! "ಹುಟ್ಟಿದಾಗಿನಿಂದ ಒಂದು ಹೊತ್ತೂ ಬಿಟ್ಟೋಳಲ್ಲ ನಾನು" ಎಂದು ಅತ್ತಳು. "ಬದಲಾಯಿಸಿಕೊಳ್ಳೋಣ್ವಾ?" ಎಂದು ನಾನು ಕೇಳಿದೆ. ಡಾಕ್ಟರಮ್ಮ ನಕ್ಕಳು, ಆದರೆ ಆಗುವುದಿಲ್ಲ ಎಂದಳು. ಬೇಕಾದವರು ಬೇಕಾದ್ದು ಮಾಡಿದರೆ ಏನೂ ತಿಳಿಯುವುದಿಲ್ಲವಂತೆ.

ಒಂದು ಅರ್ಜಿ ತುಂಬಿಸಿದೆ. ವಿಶೇಷ ಆಹಾರ ಪದ್ಧತಿ ಏನಾದರೂ ಇದೆಯೇ ಎಂದು ಕೇಳಿತ್ತು. ಇಲ್ಲ ಎಂದು ಬರೆದೆ. ತಿನ್ನದೆ ಇರುವುದು ಆಹಾರ ಪದ್ಧತಿ ಹೇಗಾಗುತ್ತದೆ, ನೀನೇ ಹೇಳು.

ನೀಲಿ ರಟ್ಟಿನ ಪುಸ್ತಕ ಒಂದು ಕೊಟ್ಟಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಬೇರೆ ಏನಾದರೂ ಎಂದು ನಾಲ್ಕು ಅಂಕಣ. ದಿನಾ ತುಂಬಿಸಬೇಕು. ದಪ್ಪ ಕನ್ನಡಕದ ನರ್ಸು ಮೂರು ವಾರಕ್ಕೊಮ್ಮೆ ನೋಡುತ್ತಾಳೆ. ಮೊದಲ ಸಲವೇ, "ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆಯಲ್ಲ" ಎಂದು ಹೊಗಳಿದಳು. ಗುರುವಾರದ ಸಾಲನ್ನು ಇಲ್ಲಿ ಇಳಿಸುತ್ತೇನೆ, ನಿನಗೂ ಸಮಾಧಾನ ಆಗಲಿ: ಬೆಳಿಗ್ಗೆ ಬ್ರೆಡ್ಡು, ಹಾಲು. ಮಧ್ಯಾಹ್ನ ಅನ್ನ, ಬೇಳೆ, ಬೇಯಿಸಿದ ತರಕಾರಿ. ರಾತ್ರಿ ಅದೇ. ಬಡಗಿಯವರಿಗೂ ತುಂಬ ಹಿಡಿಸಿತು.

ಮೊನ್ನೆ ಶುಕ್ರವಾರ ಮೊದಲ ಡ್ರಿಪ್ಪು ಆಯಿತು. ಕೆಂಪು ನೀರು, ತೋಳಿನಲ್ಲಿ ತಣ್ಣಗೆ ಹತ್ತಿತು. ಎರಡು ಸಲ ವಾಂತಿ. ಅಷ್ಟೇ. ನೀನು ಹೆದರಬೇಡ.

ಅಮ್ಮ


ಮೇ ೧೨, ಸೋಮವಾರ

ಮಗಳೇ,

ಈ ಸಲ ಸಿಹಿ ಸುದ್ದಿ. ಎರಡು ಡ್ರಿಪ್ಪು ಆದ ಮೇಲೆ ಫೋಟೋ ತೆಗೆದು ನೋಡಿದರು. ಗಂಟು ಕರಗಿದೆ. ಕೋಟಿನ ಗುಂಡಿಯಷ್ಟು ಇದ್ದದ್ದು ಅಂಗಿಯ ಗುಂಡಿಯಷ್ಟಾಗಿದೆ. ಶುಕ್ರವಾರ ಮೂರನೆಯ ಡ್ರಿಪ್ಪೂ ಮುಗಿಯಿತು. ತಲೆಗೂದಲು ಹೋದರೆ ಹೋಗಲಿ, ಬಾಚಣಿಗೆಗೆ ಬಿಡುವು ಸಿಕ್ಕಿತು.

ನಿನ್ನೆ ಭಾನುವಾರದ ಸಾಮೂಹಿಕ ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ ಎದ್ದು ನಿಂತು ಎರಡು ಮಾತು ಹೇಳಿ ಎಂದರು. ನಾನು ಜನರ ಮುಂದೆ ಯಾವತ್ತು ಮಾತಾಡಿದವಳು? "ದೇವರ ದಯೆ, ಉಪವಾಸದ ಫಲ" ಎಂದಷ್ಟೇ ಹೇಳಿ ಕೂತೆ. ಹಿಂದಿನ ಸಾಲಿನಿಂದ ಮುಂದಿನ ಸಾಲಿನವರೆಗೆ ಹೆಂಗಸರೆಲ್ಲ ಕೈ ಹಿಡಿದುಕೊಂಡರು. ನಿನ್ನ ಅಪ್ಪ ಹೋದ ಮೇಲೆ ಅದೇ ಜನ ನನ್ನನ್ನು ಹೇಗೆ ನೋಡುತ್ತಿದ್ದರು ಎಂಬುದು ನಿನಗೆ ಗೊತ್ತಿಲ್ಲ. ನಿನ್ನೆ ಒಬ್ಬೊಬ್ಬರೂ ಬಂದು, ಎಷ್ಟು ದಿನ, ಹೇಗೆ, ನೀರು ಕುಡಿಯಬಹುದಾ ಎಂದು ಕೇಳಿದರು.

ಬೇಸರದ ಸುದ್ದಿಯೂ ಇದೆ. ನಮ್ಮ ಗಿಳಿಗೂ ಗಂಟು ಸಿಕ್ಕಿದೆ. ನನ್ನದು ನೋಡಿ ತಾನೂ ಮುಟ್ಟಿಕೊಂಡಳಂತೆ. ಸಣ್ಣದು. ಜೂನ್ ಐದಕ್ಕೆ ಆಪರೇಷನ್, ಬೇಗ ತೆಗೆದರೆ ಪೂರ್ತಿ ಹೋಗುತ್ತದೆ ಎಂದಿದ್ದಾರೆ. ಎರಡು ದಿನದಿಂದ ಮಾತಿಲ್ಲ. ಗಿಳಿ ಸುಮ್ಮನಿದ್ದರೆ ಇಡೀ ಲಾಂಡ್ರಿಗೆ ಜ್ವರ ಬಂದ ಹಾಗೆ.

ಅಮ್ಮ


ಮೇ ೧೮

ಅಮ್ಮ,

ಗಂಟು ಕರಗಿದ್ದಕ್ಕೆ ನಾನು ರಸ್ತೆಯಲ್ಲೇ ನಿಂತು ಅತ್ತೆ. ಅದು ಮೊದಲು.

ಎರಡನೆಯದು. ನೀನು ಊಟದ ಗುಂಪಿನವಳು. ಹಾಗಿದ್ದ ಮೇಲೆ "ಉಪವಾಸದ ಫಲ" ಎಲ್ಲಿಂದ ಬಂತು?

ನಮ್ಮ ಕಚೇರಿಯಲ್ಲಿ ಒಂದು ಪೆಟ್ಟಿಗೆ ಇದೆ, ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು. ಊರಿನ ಎಲ್ಲ ತಕ್ಕಡಿಗಳೂ ಅವುಗಳ ಮುಂದೆ ಪರೀಕ್ಷೆಗೆ ನಿಲ್ಲಬೇಕು. ಅವನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಜಿಡ್ಡು ಅಂಟಿದರೂ ತೂಕ ಬದಲಾಗುತ್ತದೆ. ಮುಟ್ಟಿದವನು ಒಳ್ಳೆಯವನೇ, ಭಕ್ತನೇ ಎಂದು ಬಟ್ಟು ಕೇಳುವುದಿಲ್ಲ. ಊಟದ ಗುಂಪು ಅಂದರೆ ಆ ಬಟ್ಟು ಅಮ್ಮ. ಉಪವಾಸದವರನ್ನು ಅಳೆಯುವುದು ನಿಮ್ಮನ್ನು ಇಟ್ಟುಕೊಂಡು.

ನೀನು ಗುರುವಾರ ಉಪವಾಸ ಮಾಡುತ್ತಿದ್ದೀಯಾ? ಹೌದು ಅಥವಾ ಇಲ್ಲ, ಅಷ್ಟು ಬರೆ.

— ಮಗಳು


ಮೇ ೨೩

ಮಗಳೇ,

ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ. ಚಿಂತೆ ಮಾಡಬೇಡ. ನಿನ್ನ ಕೆಲಸದ ಕಡೆ ಗಮನ ಕೊಡು.

ಇಲ್ಲಿ ಸೆಕೆ ಜಾಸ್ತಿ. ಹೋಟೆಲಿನ ಹಾಸುಬಟ್ಟೆಗಳ ರಾಶಿ ಬಂದಿದೆ.

ಅಮ್ಮ


ಮೇ ೨೮

ಅಮ್ಮ,

ಇದರ ಜೊತೆ ಒಂದು ಹಳೆಯ ಕಾಗದ ಇಟ್ಟಿದ್ದೇನೆ. ನಿನ್ನದೇ ಅಕ್ಷರ. ಆರು ವರ್ಷದ ಹಿಂದೆ ನನ್ನ ತರಬೇತಿಯ ವಿಳಾಸಕ್ಕೆ ಬರೆದದ್ದು. ಮೂರೇ ಸಾಲು.

"ಅಪ್ಪ ಚೆನ್ನಾಗಿ ಊಟ ಮಾಡುತ್ತಿದ್ದಾರೆ. ಚಿಂತೆ ಮಾಡಬೇಡ. ನಿನ್ನ ಪರೀಕ್ಷೆಯ ಕಡೆ ಗಮನ ಕೊಡು."

ಇಂಥವು ಹದಿನಾಲ್ಕು ಇವೆ. ನಾನು ಅವನ್ನು ನಂಬಿ ಅಲ್ಲೇ ಕೂತಿದ್ದೆ. ನಂಬದಿದ್ದರೆ ಮೊದಲನೆಯ ಬಸ್ಸಿಗೆ ಬರುತ್ತಿದ್ದೆ. ನಿನ್ನ ಕೈಯಿಂದ ಬಿಡಿಸಿಯಾದರೂ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ನಾನು ನಿನ್ನ ಮೇಲೆ ಸಿಟ್ಟಾದದ್ದು ಬೇರಿನವನನ್ನು ನಂಬಿದ್ದಕ್ಕೆ ಎಂದು ನೀನು ಅಂದುಕೊಂಡಿದ್ದೀಯ. ಅಲ್ಲ. ಹೆದರಿದವರು ಯಾರನ್ನಾದರೂ ನಂಬುತ್ತಾರೆ.

ಆರು ವರ್ಷ ಕೇಳದೆ ಇದ್ದದ್ದನ್ನು ಈಗ ಕೇಳುತ್ತೇನೆ. ಅಪ್ಪ ಊಟ ಮಾಡುತ್ತಿದ್ದಾರೆ ಎಂದು ಬರೆಯುವಾಗ, ಅವರು ಮಾಡುತ್ತಿಲ್ಲ ಎಂದು ನಿನಗೆ ಗೊತ್ತಿತ್ತಾ?

— ಮಗಳು


ಜೂನ್ ೩, ಮಂಗಳವಾರ

ಮಗಳೇ,

ನಿನ್ನ ಕಾಗದವನ್ನು ಶನಿವಾರ ಬಡಗಿಯವರು ಅಂಚೆ ಕಚೇರಿಯಿಂದ ತಂದುಕೊಟ್ಟರು. ಅವರೇ ತರಬೇಕಾಯಿತು. ನಾನು ಮೆಟ್ಟಿಲು ಇಳಿಯುವ ಹಾಗಿರಲಿಲ್ಲ.

ಹಿಂದಿನ ದಿನ ಶುಕ್ರವಾರ ಡ್ರಿಪ್ಪಿಗೆ ಹೋದವಳು ಕುರ್ಚಿಯಲ್ಲಿ ಕೂರುವ ಮೊದಲೇ ಬಿದ್ದೆ. ಎಚ್ಚರವಾದಾಗ ದಪ್ಪ ಕನ್ನಡಕದ ನರ್ಸು ಬಾಯಿಗೆ ಸಕ್ಕರೆ ನೀರು ಹಾಕುತ್ತಿದ್ದಳು. ತೂಕ ನೋಡಿದರು, ನಾಲ್ಕೂವರೆ ಕೆಜಿ ಇಳಿದಿದ್ದೆ. ಡ್ರಿಪ್ಪು ಹಾಕದೆ ಮನೆಗೆ ಕಳಿಸಿದರು. ಕಳಿಸುವ ಮುಂಚೆ ಡಾಕ್ಟರಮ್ಮ ನನ್ನ ನೀಲಿ ಪುಸ್ತಕವನ್ನು ಒಂದೊಂದೇ ಹಾಳೆ ತಿರುವಿ ನೋಡಿದಳು. ಪೆನ್ನಿನ ಮುಚ್ಚಳ ಟಿಕ್ ಟಿಕ್ ಎನ್ನುತ್ತಿತ್ತು.

"ಇಷ್ಟು ಚೆನ್ನಾಗಿ ಊಟ ಮಾಡ್ತಿದ್ದೀರಿ. ಆದರೂ ಹೀಗಾಗ್ತಿದೆ ಅಂದ್ರೆ ಔಷಧಿ ನಿಮ್ಮ ಮೈಗೆ ಹೆಚ್ಚಾಗ್ತಿದೆ. ಮುಂದಿನ ಸಲದಿಂದ ಕಾಲು ಭಾಗ ಕಮ್ಮಿ ಮಾಡೋಣ."

"ಕಮ್ಮಿ ಮಾಡಿದ್ರೆ ಗಂಟು?" ಎಂದೆ.

"ಕರಗೋದು ನಿಧಾನ ಆಗಬಹುದು. ಬೇರೆ ದಾರಿ ಕಾಣ್ತಿಲ್ಲ."

ಆಗಲೂ ನಾನು ಬಾಯಿ ಬಿಡಲಿಲ್ಲ. ನೋಡು ಎಂಥವಳು ನಾನು.

ಮರುದಿನ ನಿನ್ನ ಕಾಗದ, ಅದರೊಳಗೆ ನನ್ನ ಕಾಗದ. ನನ್ನ ಅಕ್ಷರವನ್ನೇ ನಾನು ಗುರುತಿಸಲು ಹೊತ್ತು ಹಿಡಿಯಿತು. ಎಷ್ಟು ನೆಟ್ಟಗೆ ಬರೆದಿದ್ದೆ!

ಈಗ ಹೇಳುತ್ತೇನೆ. ಹೌದು. ಮೊದಲನೆಯ ಡ್ರಿಪ್ಪಿನಿಂದಲೂ ಪ್ರತಿ ಗುರುವಾರ ಉಪವಾಸ ಮಾಡಿದೆ. ಗುರುವಾರ ಅಂದರೆ ಡ್ರಿಪ್ಪಿನ ಹಿಂದಿನ ದಿನ. ಎರಡನೆಯ ಡ್ರಿಪ್ಪಿನಿಂದ ಬುಧವಾರವನ್ನೂ ಸೇರಿಸಿದೆ, ಆ ಗುಂಪಿನವರು ಮಾಡುವ ಹಾಗೆ. ಅವರಿಗಾದರೆ ನರ್ಸು ಬಂದು ಸಕ್ಕರೆ ನೋಡುತ್ತಾಳೆ, ಕುಡಿಯಲು ಏನೋ ಕೊಡುತ್ತಾಳೆ. ನಾನು ಇಸ್ತ್ರಿಯ ಬಿಸಿಯಲ್ಲಿ ಬರೀ ನೀರು. ಪುಸ್ತಕದಲ್ಲಿ ಬರೆದದ್ದು ನಾನು ಅಡುಗೆ ಮಾಡಿದ್ದನ್ನು. ಅನ್ನ ನಿಜ, ಬೇಳೆ ನಿಜ, ತರಕಾರಿಯೂ ನಿಜ. ಉಂಡದ್ದು ಮಾತ್ರ ಬಡಗಿಯವರು.

ದೇವರಿಗೆ ಕೊಟ್ಟ ಮಾತನ್ನು ಕಂಪ್ಯೂಟರಿನ ಮಾತಿಗೆ ಬಿಡುವುದೇ ಎಂದುಕೊಂಡಿದ್ದೆ. ಅದಷ್ಟೇ ಅಲ್ಲ. ಔಷಧಿಯಿಂದ ಗುಣವಾದರೆ ನಿನ್ನ ಅಪ್ಪನಿಗೂ ಆಗುತ್ತಿತ್ತು ಎಂದಾಗುತ್ತದೆ. ಉಪವಾಸದಿಂದ ಗುಣವಾದರೆ ಹಾಗಾಗುವುದಿಲ್ಲ. ಈ ಮಾತನ್ನು ನನಗೆ ನಾನೇ ಈಗ ಮೊದಲ ಸಲ ಹೇಳಿಕೊಳ್ಳುತ್ತಿರುವುದು.

ನಿನ್ನೆ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಮುಚ್ಚಳ ಹಾಕಿ ಪೆನ್ನು ಕೆಳಗಿಟ್ಟಳು. ಮುಖ ಬಿಳುಚಿಕೊಂಡಿತು.

"ಅಮ್ಮ, ನೀವು ಹೇಳದೆ ಹೋಗಿದ್ರೆ ನಾನು ನಿಮ್ಮ ಔಷಧಿ ಕಮ್ಮಿ ಮಾಡ್ತಿದ್ದೆ. ಗಂಟು ಮತ್ತೆ ಬೆಳೀತಿತ್ತೇನೋ. ಯಾಕೆ ಅಂತ ನಂಗೆ ಗೊತ್ತೇ ಆಗ್ತಿರಲಿಲ್ಲ" ಎಂದಳು. ಆಮೇಲೆ, "ವಾರಕ್ಕೊಮ್ಮೆ ಉಪವಾಸ ಮಾಡ್ತೀರಾ ಅಂತ ನಾವೂ ಕೇಳಲಿಲ್ಲ. ಆ ಅರ್ಜೀಲಿ ಆ ಪ್ರಶ್ನೆ ಇರಬೇಕಿತ್ತು" ಎಂದಳು.

"ನನ್ನ ಹೆಸರು ಹೊಡೆದು ಹಾಕ್ತೀರಾ?"

"ಇಲ್ಲ. ಆದದ್ದನ್ನ ಆದ ಹಾಗೆ ಬರೀತೀನಿ."

ಡ್ರಿಪ್ಪು ಈ ಶುಕ್ರವಾರ, ಪೂರ್ತಿ ಅಳತೆಯದು. ಅಲ್ಲಿಯವರೆಗೆ ದಿನಾ ಮೂರು ಹೊತ್ತು ಉಣ್ಣಬೇಕು, ಗುರುವಾರವೂ.

ಇಷ್ಟಕ್ಕೇ ಮುಗಿದಿದ್ದರೆ ನಿನ್ನ ಕಾಲು ಹಿಡಿಯುತ್ತಿದ್ದೆ. ಮುಗಿದಿಲ್ಲ. ಆಸ್ಪತ್ರೆಯಿಂದ ನೇರ ಲಾಂಡ್ರಿಗೆ ಹೋದೆ. ಗಿಳಿ ನಗುನಗುತ್ತಾ ಇದ್ದಳು. ಮಾತು ವಾಪಸ್ಸು ಬಂದಿತ್ತು. "ಅಕ್ಕ, ಆಪರೇಷನ್ ಬೇಡ ಅಂತ ಹೇಳಿ ಬಂದೆ! ಇವತ್ತಿಗೆ ಮೂರನೇ ದಿನ, ಬರೀ ನೀರು. ನಿನ್ನ ದಾರೀನೇ ನನ್ನ ದಾರಿ."

ನನ್ನ ಕೈಯಿಂದ ಹಾಸುಬಟ್ಟೆ ಜಾರಿತು. ಹೇಳಿದೆ, ನಾನು ಮೂರು ಡ್ರಿಪ್ಪು ಹಾಕಿಸಿಕೊಂಡಿದ್ದೇನೆ, ಕೆಂಪು ನೀರಿನದು, ಕರಗಿಸಿದ್ದು ಅದೇ ಇರಬೇಕು ಎಂದೆ.

"ಪ್ರಾರ್ಥನೇಲಿ ಹಾಗೆ ಹೇಳಲಿಲ್ಲವಲ್ಲ" ಎಂದಳು.

"ಹೇಳಬೇಕಿತ್ತು. ಹೇಳಲಿಲ್ಲ."

"ಡಾಕ್ಟರು ಬೈದ್ರು ಅಂತ ಈಗ ಮಾತು ತಿರುಗಿಸ್ತಿದ್ದೀಯ. ನಿನ್ನ ಕಣ್ಣಾರೆ ನೋಡಿದೀನಿ ಅಕ್ಕ, ಡಬ್ಬಿ ತೆಗೀದೆ ಗುರುವಾರ ಪೂರ್ತಿ ಇಸ್ತ್ರಿ ಮಾಡಿದ್ದು. ನಿನ್ನ ಹೊಟ್ಟೆ ಸುಳ್ಳು ಹೇಳುತ್ತಾ?"

ಅವಳ ಗಂಟು ಸಣ್ಣದು, ತೆಗೆದರೆ ಹೋಗುವಂಥದ್ದು. ಅದು ಬೆಳೆಯುತ್ತಾ ಇರುವಾಗ ಅವಳು ನನ್ನನ್ನು ನೋಡಿ ನಗುತ್ತಿದ್ದಾಳೆ. ಬೇರಿನವನು ಈಗ ನಾನೇ.

ನಿನ್ನ ಪ್ರಶ್ನೆಗೆ ಉತ್ತರ ಬರೆದಿಲ್ಲ. ಗೊತ್ತಿದೆ. ಸ್ವಲ್ಪ ಸಮಯ ಕೊಡು.

ಅಮ್ಮ


ಜೂನ್ ೬

ಅಮ್ಮ,

ನನ್ನ ಪ್ರಶ್ನೆ ಆರು ವರ್ಷ ಕಾದಿದೆ, ಇನ್ನೂ ಕಾಯುತ್ತದೆ. ಗಿಳಿಯವರ ಗಂಟು ಕಾಯುವುದಿಲ್ಲ.

ಎಲ್ಲಿ ಹೇಳಿದೆಯೋ ಅಲ್ಲೇ ಬಿಚ್ಚಿ ಹೇಳು. ನಿನ್ನ ದೇವರು ಅದಕ್ಕೆ ಬೇಸರ ಮಾಡಿಕೊಳ್ಳುವವನಾದರೆ ನಾನೇ ಬಂದು ಮಾತಾಡುತ್ತೇನೆ.

ಊಟ ಮಾಡು. ನಿಜವಾಗಿ.

— ಮಗಳು


ಜೂನ್ ೧೨, ಗುರುವಾರ

ಮಗಳೇ,

ಇವತ್ತು ಗುರುವಾರ. ಉಪವಾಸ ಇಲ್ಲ. ಕಸ ಗುಡಿಸಿ, ನೀರು ತುಂಬಿಸಿ, ದೇವರ ಮುಂದೆ ಕೂತು, ಈ ಸಲ ಎರಡು ಡಬ್ಬಿ ಕಟ್ಟಿದೆ. ಒಂದು ಬಡಗಿಯವರಿಗೆ, ಒಂದು ನನಗೆ. ಈಗ ಸಂಜೆ, ಲಾಂಡ್ರಿಯಿಂದ ಬಂದು ಬರೆಯುತ್ತಿದ್ದೇನೆ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಯಾರೂ ಕರೆಯದೆಯೇ ಎದ್ದು ನಿಂತೆ. ಹೋದ ಸಲ ಅರ್ಧ ಹೇಳಿದ್ದೆ, ಇನ್ನರ್ಧ ಇದು ಎಂದೆ. ನನ್ನ ತೋಳಿನಲ್ಲಿ ಔಷಧಿ ಹೋಗಿದೆ, ಪ್ರತಿ ಹನಿಯೂ. ಉಪವಾಸದಿಂದ ಏನಾಯಿತು ಎಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಅವರು ಅದನ್ನು ಕಂಡುಹಿಡಿಯಲು ಕೂತಿದ್ದಾರೆ, ನಾನು ಸುಳ್ಳು ಬರೆದು ಅವರ ಲೆಕ್ಕ ಕೆಡಿಸಿದೆ. ಔಷಧಿ ಬಿಟ್ಟು ಬರೀ ಉಪವಾಸ ಮಾಡುವವರು ನನ್ನ ಹೆಸರು ಹೇಳಬೇಡಿ. ನನ್ನ ಮನೆಯವರನ್ನು ನಾನು ಹಾಗೆಯೇ ಕಳೆದುಕೊಂಡೆ. ಇಷ್ಟೂ ಹೇಳಿದೆ. ಯಾರೂ ಕೈ ಹಿಡಿಯಲಿಲ್ಲ. ಮುಂದಿನ ಸಾಲಿನ ಒಬ್ಬಳು ಎದ್ದು ಹೊರಗೆ ಹೋದಳು. ಬಾಗಿಲ ಹತ್ತಿರ ಇನ್ನೊಬ್ಬಳು, "ಆಸ್ಪತ್ರೆಯವರು ಇವಳ ಬಾಯಿ ಕಟ್ಟಿದಾರೆ" ಎಂದದ್ದು ನನ್ನ ಕಿವಿಗೂ ಬಿತ್ತು. ಬೀಳಲಿ ಎಂದೇ ಹೇಳಿದ್ದು.

ಗಿಳಿ ಕದಲಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ ನನ್ನ ಕಡೆ ಬೆನ್ನು ಹಾಕಿ ಇಸ್ತ್ರಿ ಮಾಡಿದಳು. ಒಂದು ಅಂಗಿಯ ಕೊರಳು ಸುಟ್ಟಿತು. ಮೇಸ್ತ್ರಿ ಕೂಗಿದರೂ ತಿರುಗಲಿಲ್ಲ.

ಇವತ್ತು ಮಧ್ಯಾಹ್ನ ಬಿಡುವಿನಲ್ಲಿ ಅವಳೇ ಬಂದು ನನ್ನ ಮೇಜಿನ ಎದುರು ನಿಂತಳು. ದಿನ ಬಿಟ್ಟು ದಿನ ಉಪವಾಸ ಮಾಡಿ ಕಣ್ಣು ಗುಳಿ ಬಿದ್ದಿತ್ತು.

"ಇವತ್ತು ಯಾವ ವಾರ?"

"ಗುರುವಾರ" ಎಂದೆ.

"ಮೂವತ್ತು ವರ್ಷದಲ್ಲಿ ಒಂದು ಗುರುವಾರನಾದ್ರೂ ಬಿಟ್ಟಿದೀಯಾ?"

"ಮಗಳನ್ನ ಹೆತ್ತ ದಿನ ಬಿಟ್ಟಿದ್ದೆ. ಮತ್ತೆ ಹೋದ ವಾರ, ಮನೇಲಿ."

"ಮನೇಲಿ ಉಂಡಿದ್ದು ಯಾರು ಕಂಡ್ರು? ಇಲ್ಲಿ, ನನ್ನ ಮುಂದೆ ಉಣ್ಣು. ಉಪವಾಸದ ಮೇಲೆ ನಿನಗೇ ನಂಬಿಕೆ ಇಲ್ಲ ಅಂತ ಕಣ್ಣಲ್ಲಿ ನೋಡ್ತೀನಿ. ನೀನು ಉಂಡ್ರೆ ನಾನು ಆಪರೇಷನ್‌ಗೆ ಹೋಗ್ತೀನಿ."

"ನಂಬಿಕೆ ಇದೆ ಕಣೇ, ದೇವರ ಮೇಲೆ. ಗಂಟು ಕರಗಿಸೋ ಕೆಲಸ ನಾನು ಅವನಿಗೆ ವಹಿಸಿದ್ದು ಅಷ್ಟೇ ತಪ್ಪು" ಎಂದು ಹೇಳಿ ಡಬ್ಬಿ ಬಿಚ್ಚಿದೆ.

ಮೊದಲ ತುತ್ತನ್ನು ಬಹಳ ಹೊತ್ತು ಅಗಿದೆ. ಮನೆಯಲ್ಲಿ ಹೋದ ವಾರ ಹಾಗಾಗಿರಲಿಲ್ಲ. ಇಡೀ ಲಾಂಡ್ರಿ ಕೆಲಸ ನಿಲ್ಲಿಸಿ ನೋಡುತ್ತಿತ್ತು. ಉಗಿ ಮಾತ್ರ ಬುಸುಗುಡುತ್ತಿತ್ತು. ನೀರು ಕುಡಿದು ನುಂಗಿದೆ. ಎರಡನೆಯ ತುತ್ತು. ಮೂರನೆಯದು. ಗಿಳಿ ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು, ಎಣಿಸುವವಳ ಹಾಗೆ. ಅರ್ಧ ಡಬ್ಬಿ ಖಾಲಿಯಾದಾಗ ಕೈ ಚಾಚಿ ಅದನ್ನು ಎಳೆದುಕೊಂಡಳು. "ಉಪ್ಪೇ ಹಾಕಿಲ್ಲ ನೀನು" ಎಂದಳು. ಹಾಗೆ ಹೇಳುತ್ತಲೇ ಅತ್ತಳು, ಅಳುತ್ತಲೇ ಉಳಿದದ್ದನ್ನೆಲ್ಲ ಉಂಡಳು.

ಮೇಸ್ತ್ರಿಯ ಫೋನಿನಿಂದಲೇ ಆಸ್ಪತ್ರೆಗೆ ಮಾತಾಡಿದೆವು. ಬರುವ ಮಂಗಳವಾರ, ಹದಿನೇಳನೆಯ ತಾರೀಕು ಸಿಕ್ಕಿತು. ಆಗಿನಿಂದ ಪಾಳಿ ಮುಗಿಯುವವರೆಗೆ ಬಾಯಿ ಮುಚ್ಚಿಲ್ಲ ಅವಳು. ನನ್ನ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ.

ಈಗ ನಿನ್ನ ಪ್ರಶ್ನೆ.

ಗೊತ್ತಿತ್ತು.

ನಿನ್ನ ಅಪ್ಪನ ತಟ್ಟೆಗೆ ಬಡಿಸಿದ್ದನ್ನು ನಿನಗೆ ಬರೆದೆ. ತಟ್ಟೆಯಲ್ಲಿ ಉಳಿದದ್ದನ್ನು ಬರೆಯಲಿಲ್ಲ. ಬರೆದರೆ ನೀನು ಬರುತ್ತಿದ್ದೆ. ನೀನು ಬಂದರೆ ನಾನು ಮಾಡುತ್ತಿರುವುದು ತಪ್ಪು ಎಂದು ನೀನು ಅವರ ಮುಂದೆಯೇ ಹೇಳುತ್ತಿದ್ದೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗೆ ಇರಲಿಲ್ಲ. ನಿನ್ನ ಪರೀಕ್ಷೆ ಕೆಡುತ್ತದೆ ಎಂಬುದು ನಾನು ಹುಡುಕಿಕೊಂಡ ನೆಪ.

ದಪ್ಪ ಕನ್ನಡಕದ ನರ್ಸು ನನಗೆ ಹೊಸ ನೀಲಿ ಪುಸ್ತಕ ಕೊಟ್ಟಳು. ಇನ್ನೊಂದು ಬೇಕು ಎಂದು ಕೇಳಿದೆ. "ಯಾರಿಗೆ?" ಎಂದಳು. ಮನೆಯವರಿಗೆ ಎಂದೆ. ಹತ್ತು ದಿನದಿಂದ ಅದರಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಪ್ಪನ ಆ ನಾಲ್ಕು ತಿಂಗಳು, ದಿನಕ್ಕೊಂದು ಸಾಲು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಎರಡು ಚಮಚ ಗಂಜಿ ಎಂದರೆ ಎರಡು ಚಮಚ. ಏನೂ ಇಲ್ಲ ಎಂದರೆ ಏನೂ ಇಲ್ಲ. ನೆನಪಿಲ್ಲದ ದಿನಗಳಲ್ಲಿ ನೆನಪಿಲ್ಲ ಎಂದೇ ಬರೆದಿದ್ದೇನೆ, ಅಂಥವು ಬಹಳ ಇವೆ. ಬೇರೆ ಏನಾದರೂ ಎಂಬ ಅಂಕಣ ಇದೆಯಲ್ಲ, ಅದರಲ್ಲಿ ಅವರು ಆಡಿದ ಮಾತುಗಳನ್ನು ಬರೆದಿದ್ದೇನೆ. ನಿನ್ನನ್ನು ಕೇಳಿದ ದಿನಗಳೂ ಅದರಲ್ಲಿವೆ. ಹತ್ತೊಂಬತ್ತು ಸಲ.

ನೀನು ಕೇಳಿದ್ದಕ್ಕೆ ನನ್ನ ಉತ್ತರ ಆ ಪುಸ್ತಕ. ಮಡಿಚಿದ ಹಾಸುಬಟ್ಟೆಗಳ ಕೆಳಗೆ ಇಟ್ಟಿದ್ದೇನೆ. ಅಂಚೆಗೆ ಹಾಕುವುದಿಲ್ಲ, ಬಡಗಿಯವರ ಕೈಯಲ್ಲೂ ಕಳಿಸುವುದಿಲ್ಲ. ಮುಂದಿನ ಡ್ರಿಪ್ಪು ಇಪ್ಪತ್ತೇಳನೆಯ ತಾರೀಕು. ಅದರ ಹಿಂದಿನ ದಿನ ಗುರುವಾರ, ಇಬ್ಬರಿಗೂ ಅನ್ನ ಮಾಡಿರುತ್ತೇನೆ, ಈ ಸಲ ಉಪ್ಪು ಹಾಕಿ. ನೀನೇ ಬಂದು ತೆಗೆದುಕೊಂಡು ಹೋಗು.

ನಿನ್ನ
ಅಮ್ಮ